ಎಂಟರಿಂದ ಎರಡರವರೆಗೆ

ಕರಕ್,
ಸೆಪ್ಟೆಂಬರ್ 21

ಇಖ್ಲಾಸ್,

ಸಲಾಂ, ಕುಶಲ ಎಲ್ಲ ಆಮೇಲೆ. ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಹನ್ನೆರಡನೆಯ ಸಲ ನಿನ್ನ ನಾದಿನಿ ಎತ್ತಿ, "ಅವ್ಳು ಸ್ನಾನಕ್ಕೆ ಹೋಗಿದಾಳೆ" ಎಂದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಸ್ನಾನ ಮಾಡುವ ಭಾಗ್ಯ ನಮ್ಮ ಸೀಮೆಯಲ್ಲಿ ನಿನ್ನೊಬ್ಬಳಿಗೇ ಇರಬೇಕು. ಅದಕ್ಕೇ ಈ ಕಾಗದ. ಬಟ್ಟೆ ಹೊಲಿಯುವ ಉಮ್ಮು ಹಾತಿಂ ವಾರಕ್ಕೊಮ್ಮೆ ನಿಮ್ಮ ಮಝಾರ್ ಊರಿಗೆ ಬರುತ್ತಾಳಲ್ಲ, ಅವಳ ಚೀಲದಲ್ಲಿ ಹಾಕಿ ಕಳಿಸುತ್ತಿದ್ದೇನೆ. ಅವಳಿಗೆ ಓದು ಬರುವುದಿಲ್ಲ. ನಿನ್ನ ಫೋನನ್ನು ನಿನ್ನ ಮನೆಯವರೆಲ್ಲ ಓದುತ್ತಾರೆ, ಅದು ನನಗೆ ಗೊತ್ತು.

ಜುಮಾನಳ ಎಡಗೈ ಮುರಿದ ಸುದ್ದಿ ನಿನಗೆ ತಲುಪಿರಲೇಬೇಕು. ಹದಿನಾಲ್ಕನೇ ತಾರೀಖು ಮಧ್ಯಾಹ್ನ ಮಕ್ಕಳ ಕೇಂದ್ರದಿಂದ ಆ ಯಜಮಾನಿ ಮಿಸ್ ಮಯ್ಸೂನ್ ಫೋನ್ ಮಾಡಿ, "ಸ್ವಲ್ಪ ಪೆಟ್ಟಾಗಿದೆ, ಗಾಬ್ರಿ ಆಗ್ಬೇಡಿ, ಅವ್ಳೇ ಗೋಡೆಗೆ ಕೈ ಹೊಡ್ಕೊಂಡ್ಲು, ಇಂಥ ಮಕ್ಳು ಗೊತ್ತಲ್ಲ" ಎಂದಳು. ಹತ್ತು ವರ್ಷದಿಂದ ಆಟಿಸಂ ಇರುವ ಮಗಳನ್ನು ಸಾಕುತ್ತಿರುವ ನನಗೆ, ಇಂಥ ಮಕ್ಕಳು ಹೇಗೆ ಎಂದು ಅವಳು ಪಾಠ ಹೇಳುತ್ತಾಳೆ. ನನ್ನ ಮಗಳು ಖುಷಿಯಾದಾಗ ಎರಡೂ ಕೈ ಬೀಸುತ್ತಾಳೆ, ಸಿಟ್ಟಾದಾಗಲೂ ಬೀಸುತ್ತಾಳೆ. ಹೊಡೆದುಕೊಳ್ಳುವುದಿಲ್ಲ, ಒಂದು ದಿನವೂ ಹೊಡೆದುಕೊಂಡವಳಲ್ಲ. ಎರಡೂ ಮಣಿಕಟ್ಟಿನ ಸುತ್ತ ಬಟ್ಟೆ ಬಿಗಿದ ಗುರುತು ಇತ್ತು, ಕೆಂಪು ಬಳೆ ತೊಡಿಸಿದ ಹಾಗೆ. ಗೋಡೆ ಯಾವತ್ತಿನಿಂದ ಮಕ್ಕಳ ಕೈ ಕಟ್ಟಲು ಕಲಿಯಿತು?

ಆ ದಿನ ಹತ್ತು ಗಂಟೆಗೆ ನೀನು ಒಳಗೆ ಹೋಗಿದ್ದೆ. ಗೇಟಿನ ಮುದುಕ ಬಾಯಿಬಿಟ್ಟ. ಕುತೈಬ ಝಾತರ್ ರೊಟ್ಟಿಯ ಡಬ್ಬಿ ಮನೆಯಲ್ಲೇ ಬಿಟ್ಟು ಬಂದಿದ್ದನಂತೆ. ನಿನ್ನ ಮಗ ಆ ರೊಟ್ಟಿಯೊಂದನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಡಬ್ಬಿ ಅವನ ಕೈಗೆ ಕೊಡದೆ ನೀನು ಹಿಂದಿರುಗುವವಳಲ್ಲ. ಕುತೈಬನ ಕೋಣೆಗೆ ಹೋಗಬೇಕಾದರೆ ಜುಮಾನಳ ಕೋಣೆ ದಾಟಬೇಕು, ಆ ಬಾಗಿಲಿಗೆ ಗಾಜು ಇದೆ.

ಫವ್ವಾಜ್ ಪೊಲೀಸರಿಗೆ ದೂರು ಕೊಟ್ಟಿದ್ದಾನೆ. ಅಂದರೆ ನಾನು ಗಂಡನ ಕೋಟು ಹಿಡಿದು ಎಳೆದುಕೊಂಡು ಹೋಗಿ ಕೊಡಿಸಿದ್ದೇನೆ. ಅಲ್ಲಿ ಮೊದಲು ಕೇಳಿದ ಪ್ರಶ್ನೆಯೇ ಸಾಕ್ಷಿ ಯಾರು ಎಂದು. ಜುಮಾನ ಮಾತಾಡುವುದಿಲ್ಲ. ಆ ಕೋಣೆಯ ಉಳಿದ ಎಂಟು ಮಕ್ಕಳೂ ಮಾತಾಡುವುದಿಲ್ಲ. ಮಾತು ಬರುವವಳು ನೀನೊಬ್ಬಳೇ.

ಏನು ನೋಡಿದೆ ಹೇಳು.

ಜುಮಾನಳ ತಾಯಿ,
ರುವೈದಾ


ಮಝಾರ್,
ಅಕ್ಟೋಬರ್ 3

ಪ್ರೀತಿಯ ಉಮ್ಮು ರಾಕಾನ್,

ದೇವರು ಮಗುವಿಗೆ ಬೇಗ ಗುಣ ಕೊಡಲಿ. ಸುದ್ದಿ ಕೇಳಿ ಬಹಳ ಸಂಕಟವಾಯಿತು. ಬಂದು ನೋಡಬೇಕೆಂದಿದ್ದೆ, ಅತ್ತೆಗೆ ಮೈ ಸರಿಯಿಲ್ಲ.

ನಾನು ಡಬ್ಬಿ ಕೊಡಲು ಹೋದದ್ದು ನಿಜ. ಕೊಟ್ಟು ಬಂದೆ. ಆ ಬಾಗಿಲಿಗೆ ಪರದೆ ಹಾಕಿತ್ತು, ಏನೂ ಕಾಣಲಿಲ್ಲ. ನೀನು ಬಹಳ ಯೋಚನೆ ಮಾಡುತ್ತಿದ್ದೀಯ ಅನ್ನಿಸುತ್ತದೆ. ಡಾಕ್ಟರ್ ಕೊಟ್ಟ ನರದ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ? ಮನಸ್ಸು ದಣಿದಾಗ ಇಲ್ಲದ್ದು ಕಾಣುತ್ತದೆ. ನನಗೂ ಹಾಗೆ ಆಗಿದೆ.

ನನ್ನ ಭಾವ ಆ ಕೇಂದ್ರದ ಬಸ್ಸು ಓಡಿಸುವುದು ನಿನಗೆ ಗೊತ್ತು. ದಯವಿಟ್ಟು ಇದರ ಬಗ್ಗೆ ಮತ್ತೆ ಬರೆಯಬೇಡ. ರಾಕಾನನಿಗೆ ಮುತ್ತು.

ಉಮ್ಮು ಕುತೈಬ


ಕರಕ್,
ಅಕ್ಟೋಬರ್ 5

ಇಖ್ಲಾಸ್,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಯಾರೋ ಪಕ್ಕದಲ್ಲಿ ಕೂತು ಬರೆಸಿದ ಹಾಗಿದೆ. ಬರೆಸಿಲ್ಲವೆಂದರೆ ಇನ್ನೂ ಹೊಲಸು.

ಮೊದಲು ಒಂದು ಮಾತು. ನನ್ನನ್ನು ಉಮ್ಮು ರಾಕಾನ್, ರಾಕಾನನ ತಾಯಿ, ಎನ್ನಬೇಡ. ರಾಕಾನ್ ಹುಟ್ಟುವ ನಾಲ್ಕು ವರ್ಷ ಮೊದಲೇ ನಾನು ತಾಯಿಯಾಗಿದ್ದೆ. ಗಂಡು ಹುಟ್ಟಿದ ದಿನ ಇಡೀ ಓಣಿ ನನಗೆ ಹೊಸ ಹೆಸರಿಟ್ಟಿತು, ಅಷ್ಟು ದಿನ ಮಡಿಲಲ್ಲಿದ್ದವಳು ಮಗುವೇ ಅಲ್ಲ ಅನ್ನುವ ಹಾಗೆ. ಬೇರೆಯವರು ಕರೆದರೆ ಸಹಿಸುತ್ತೇನೆ. ನಿನ್ನ ಬಾಯಲ್ಲಿ ಬೇಡ.

ನಾವು ಮೊದಲು ಎಲ್ಲಿ ಭೇಟಿಯಾದೆವು ನೆನಪಿದೆಯೇ? ಅಮ್ಮಾನಿನ ಆಸ್ಪತ್ರೆಯ ಪಡಸಾಲೆಯಲ್ಲಿ, ಏಳು ವರ್ಷದ ಹಿಂದೆ. ನಿನ್ನ ಮಗ ನೆಲದ ಮೇಲೆ ಉದ್ದಕ್ಕೆ ಬಿದ್ದಿದ್ದ, ನನ್ನ ಮಗಳು ಕುರ್ಚಿಯ ಕೆಳಗೆ ಕೂತು ಕಿರುಚುತ್ತಿದ್ದಳು. ಜನ ಎಲ್ಲ ನಮ್ಮಿಬ್ಬರನ್ನು ನೋಡುತ್ತಿದ್ದರು. ನೀನು ನನ್ನ ಕಡೆ ತಿರುಗಿ, "ಟಿಕೆಟ್ ಇಲ್ದೆ ನೋಡ್ತಿದಾರಲ್ರೀ" ಎಂದೆ. ಮಗಳಿಗೆ ಹೀಗೆ ಎಂದು ಗೊತ್ತಾದ ಮೇಲೆ ನಾನು ಮೊದಲ ಸಲ ನಕ್ಕದ್ದು ಅವತ್ತು.

ನಿನ್ನ ಅತ್ತೆ ನಮ್ಮನ್ನು ಹೊರಗೆ ಕಳಿಸಿದ ದಿನವೂ ನೆನಪಿದೆ. ಜುಮಾನಳ ಚಾಳಿ ನಿನಗೆ ಗೊತ್ತೇ ಇತ್ತು. ಎಲ್ಲಾದರೂ ಕುಡಿಯದ ಕಪ್ಪು ಸುಮ್ಮನೆ ಕೂತಿದ್ದರೆ ಅವಳಿಗೆ ತಡೆಯುವುದಿಲ್ಲ; ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದು, ತೊಳೆದು, ಬೋರಲು ಹಾಕಿ, ಎರಡು ಸಲ ತಟ್ಟಿ ಬರುತ್ತಾಳೆ. ನಿಮ್ಮ ಮನೆಯಲ್ಲಿ ಆರು ಜನ ನೆಂಟರ ಚಹಾ ಸುರಿದಳು. ನಿನ್ನ ಅತ್ತೆ, "ಇದನ್ನ ಯಾಕೆ ನಾಲ್ಕ್ ಜನರ ಮಧ್ಯೆ ತರ್ತೀಯ" ಎಂದಳು. ಇದನ್ನ. ನೀನು ತಲೆ ತಗ್ಗಿಸಿ ತಟ್ಟೆ ಜೋಡಿಸುತ್ತಿದ್ದೆ. ಅವತ್ತೂ ನೀನು ಏನನ್ನೂ ನೋಡಲಿಲ್ಲ.

ಮಾತ್ರೆಯ ವಿಷಯ. ತೆಗೆದುಕೊಳ್ಳುತ್ತೇನೆ, ತಾಯಿ, ದಿನಕ್ಕೆ ಎರಡು. ಅದು ಕಣ್ಣಿನ ಮಾತ್ರೆಯಲ್ಲ. ಪೊಲೀಸಿನವನೂ ಅದನ್ನೇ ಕೇಳಿದ. ಮಿಸ್ ಮಯ್ಸೂನ್ ಅವನಿಗೆ ಮೊದಲೇ ಹೇಳಿಟ್ಟಿದ್ದಾಳೆ, "ತಾಯಿ ಸ್ವಲ್ಪ ನರದ ರೋಗಿ, ಮನೇಲೇ ಏನ್ ಮಾಡಿದಾಳೋ" ಎಂದು. ಮಾತ್ರೆಯ ವಿಷಯ ನಾನು ಹೇಳಿದ್ದು ನಿನಗೊಬ್ಬಳಿಗೆ.

ಕಳೆದ ವರ್ಷ ಕೇಂದ್ರದಲ್ಲಿ ತಾಯಂದಿರಿಗೆ ಭಾಷಣ ಮಾಡಲು ಅಮ್ಮಾನಿನಿಂದ ಒಬ್ಬಳು ಬಂದಿದ್ದಳಲ್ಲ, ಬಿಳಿ ಕೋಟಿನವಳು. "ದಿನಕ್ಕೆ ಅರ್ಧ ಗಂಟೆ ನಿಮಗೋಸ್ಕರ ಇಟ್ಕೊಳ್ಳಿ. ಬಿಸಿನೀರಲ್ಲಿ ಕೂತು ಒಂದು ಮೇಣದಬತ್ತಿ ಹಚ್ಕೊಳ್ಳಿ" ಎಂದಾಗ ನೀನು ನನ್ನ ಕಿವಿಯಲ್ಲಿ, "ಕುತೈಬ ಮೊದ್ಲು ಮೇಣದಬತ್ತಿ ತಿಂತಾನೆ, ಆಮೇಲೆ ನನ್ನ" ಎಂದಿದ್ದೆ. ಆ ಇಖ್ಲಾಸಳಿಗೆ ನಾನು ಬರೆಯುತ್ತಿರುವುದು. ನಿನ್ನ ಅತ್ತೆಯ ಸೊಸೆಗಲ್ಲ.

ಪರದೆ ಇತ್ತೇ? ಮತ್ತೊಮ್ಮೆ ಬರೆ ನೋಡೋಣ.

ರುವೈದಾ


ಮಝಾರ್,
ಅಕ್ಟೋಬರ್ 26

ರುವೈದಾ,

ಬರೆಯಬಾರದೆಂದು ಮೂರು ವಾರ ಕೈ ಕಟ್ಟಿಕೊಂಡು ಕೂತಿದ್ದೆ. ನಿನಗೆ ಬೇಕೇ ಬೇಕಲ್ಲ, ತೆಗೆದುಕೊ.

ನಿನ್ನ ಮಗಳಿಗೆ ಹತ್ತು ವರ್ಷ, ಕಡ್ಡಿಯ ಹಾಗಿದ್ದಾಳೆ. ನನ್ನ ಮಗನಿಗೆ ಹದಿಮೂರು. ನನಗಿಂತ ಒಂದು ಗೇಣು ಎತ್ತರ, ನನ್ನ ಎರಡರಷ್ಟು ತೂಕ. ಸಿಟ್ಟು ಬಂದರೆ ನನ್ನ ಕೂದಲು ಹಿಡಿದು ಗೋಡೆಗೆ ತಿಕ್ಕುತ್ತಾನೆ. ಆಮೇಲೆ ತಾನೇ ಹೆದರಿ ಅಳುತ್ತಾನೆ, ನಾನು ಅವನನ್ನೇ ಸಮಾಧಾನ ಮಾಡಬೇಕು. ನನ್ನ ಭುಜದ ಮೇಲೆ ಇರುವ ಹಲ್ಲಿನ ಗುರುತನ್ನು ನನ್ನ ಗಂಡನೂ ನೋಡಿಲ್ಲ. ಅವನು ಮಗನಿರುವ ಕೋಣೆಗೆ ಬರುವುದಿಲ್ಲ. ಅತ್ತೆ ನನ್ನ ಹೊಟ್ಟೆಯನ್ನು ದೂರುತ್ತಾಳೆ. ನಾದಿನಿಗೆ ಗಂಡು ಗೊತ್ತಾಗುತ್ತಿಲ್ಲ, ಅದಕ್ಕೂ ನನ್ನ ಮಗನೇ ಕಾರಣ, ರಕ್ತದಲ್ಲಿ ಬರುತ್ತದಂತೆ.

ಎಂಟು ಗಂಟೆಗೆ ಬಸ್ಸು ಬರುತ್ತದೆ. ಎರಡು ಗಂಟೆಗೆ ವಾಪಸು. ಎಂಟರಿಂದ ಎರಡು, ರುವೈದಾ. ಮೊದಲ ಒಂದು ಗಂಟೆ ನಾನು ಅಡಿಗೆಮನೆಯ ನೆಲದ ಮೇಲೆ ಮಲಗುತ್ತೇನೆ, ನಿದ್ದೆಯಲ್ಲ, ಸುಮ್ಮನೆ. ಯಾರೂ ನನ್ನನ್ನು ಎಳೆಯುವುದಿಲ್ಲ ಎಂದು ಮೈಗೆ ತಿಳಿಯಲು ಅಷ್ಟು ಹೊತ್ತು ಬೇಕು. ಆಮೇಲೆ ಎದ್ದು ಮನುಷ್ಯಳಾಗುತ್ತೇನೆ. ಈ ಆರು ಗಂಟೆ ಇಲ್ಲದ ಬೇಸಿಗೆ ರಜೆಯಲ್ಲಿ ನಾನು ಎರಡು ಸಲ ಮಹಡಿಯ ಮೇಲೆ ಹೋಗಿ ಅಂಚಿನಲ್ಲಿ ನಿಂತು ಬಂದಿದ್ದೇನೆ. ನಿನಗೆ ಹೇಳಿರಲಿಲ್ಲ. ಈಗ ಹೇಳಿದ್ದೇನೆ.

ಈ ಇಡೀ ಜಿಲ್ಲೆಯಲ್ಲಿ ಕುತೈಬನಂಥವನನ್ನು ಒಳಗೆ ಬಿಟ್ಟುಕೊಳ್ಳುವ ಜಾಗ ಅದೊಂದೇ. ಅದು ಮುಚ್ಚಿದರೆ ಇಪ್ಪತ್ತಮೂರು ಮಕ್ಕಳು ಇಪ್ಪತ್ತಮೂರು ಅಡಿಗೆಮನೆಗೆ ಮರಳುತ್ತಾರೆ. ನಿನ್ನ ಮಗಳ ಒಂದು ಕೈಗೋಸ್ಕರ ಇಪ್ಪತ್ತಮೂರು ತಾಯಂದಿರ ಕುತ್ತಿಗೆ ಹಿಸುಕುತ್ತೀಯಾ?

ಇನ್ನು ಕಟ್ಟಿಹಾಕುವ ಮಾತು. ನಾನು ಬಾಯಿ ಬಿಡಬೇಕಾದರೆ ಪೂರ್ತಿ ಬಿಡುತ್ತೇನೆ. ನಿನ್ನ ಹಸಿರು ಸ್ಕಾರ್ಫಿನ ಕಥೆಯನ್ನೂ ಪೊಲೀಸರಿಗೆ ಹೇಳಲೇ? ನೀನೇ ಅತ್ತುಕೊಂಡು ಹೇಳಿದ್ದು. ಹೇಳಿದರೆ ದೂರು ಕೊಟ್ಟವಳೇ ಕಟಕಟೆಯಲ್ಲಿ ನಿಲ್ಲುತ್ತಾಳೆ.

ಇನ್ನು ಬರೆಯಬೇಡ.

ಇಖ್ಲಾಸ್


ಕರಕ್,
ನವೆಂಬರ್ 19

ಇಖ್ಲಾಸ್,

ನಿನ್ನ ಕಾಗದವನ್ನು ಹರಿದು ಒಲೆಗೆ ಹಾಕಿದೆ. ಆಮೇಲೆ ಅದು ಬಾಯಿಪಾಠವಾಗಿಬಿಟ್ಟಿದೆ ಎಂದು ಗೊತ್ತಾಯಿತು.

ಮಹಡಿಯ ವಿಷಯ ಮೊದಲು. ಎರಡು ಸಲ ಅಂಚಿಗೆ ಹೋಗಿ ನಿಂತವಳು ನನಗೆ ಒಂದು ಸಲ ಫೋನ್ ಮಾಡಬಾರದಿತ್ತೇ, ಪಾಪಿ? ನಿನ್ನ ಮೇಲಿನ ಸಿಟ್ಟಿನಲ್ಲಿ ಇದೇ ದೊಡ್ಡದು. ನಾನು ಕುತೈಬನನ್ನು ಹೊತ್ತುಕೊಳ್ಳಲಾರೆ, ನಿಜ. ನಿನ್ನ ಪಕ್ಕ ಆ ನೆಲದ ಮೇಲೆ ಮಲಗಬಲ್ಲವಳಾಗಿದ್ದೆ.

ಈಗ ಸ್ಕಾರ್ಫು. ಹೇಳು. ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ, ನಿನ್ನೆ ಫವ್ವಾಜನಿಗೆ ಹೇಳಿಯೂ ಆಯಿತು. ಜುಮಾನಳಿಗೆ ಆಗ ಆರು ವರ್ಷ. ಫವ್ವಾಜ್ ಫಾಸ್ಫೇಟ್ ಗಣಿಯಲ್ಲಿ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ರಾಕಾನ್ ಎರಡು ವರ್ಷದವನು, ಜ್ವರ. ಅವಳು ಬಾಗಿಲು ತೆಗೆದು ದೊಡ್ಡ ರಸ್ತೆಗೆ ಓಡುತ್ತಿದ್ದಳು. ಐದು ದಿನ ನಾನು ಕಣ್ಣು ಮುಚ್ಚಿರಲಿಲ್ಲ. ಆರನೆಯ ದಿನ ಮಧ್ಯಾಹ್ನ ನನ್ನ ಹಸಿರು ಸ್ಕಾರ್ಫಿನಿಂದ ಅವಳ ಕೈಗೆ ಒಂದು ಗಂಟು, ನನ್ನ ಕೈಗೆ ಒಂದು ಗಂಟು ಹಾಕಿಕೊಂಡು ಮಲಗಿದೆ. ಎದ್ದಾಗ ಅವಳು ಎಳೆದೆಳೆದು ತನ್ನ ಕೈಯನ್ನು ಕೆಂಪು ಮಾಡಿಕೊಂಡಿದ್ದಳು, ನಾನು ಮಾತ್ರ ಎಚ್ಚರವಾಗಿರಲಿಲ್ಲ. ಆ ಗುರುತು ಎರಡು ದಿನ ಇತ್ತು. ನಾಲ್ಕು ವರ್ಷ ಆಯಿತು, ನನಗೆ ಇನ್ನೂ ಕಾಣುತ್ತದೆ. ಆ ಗುರುತು ಹೇಗಿರುತ್ತದೆ ಎಂದು ನನಗೆ ಹಾಗೆಯೇ ಗೊತ್ತಾದದ್ದು. ಕೇಂದ್ರದವರು ಗೋಡೆಯ ಕಥೆ ಕಟ್ಟಿದಾಗ ನಾನು ನಂಬದೇ ಇದ್ದದ್ದು ಅದಕ್ಕೇ.

ನಾನು ತಪ್ಪು ಮಾಡಿದೆ. ಆದರೆ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು, ಇಖ್ಲಾಸ್. ಅವರು ಕುರ್ಚಿಗೆ ಕಟ್ಟಿ ಚಹಾ ಕುಡಿಯಲು ಹೋದರಂತೆ, ಗೇಟಿನ ಮುದುಕನ ಕಿವಿಗೆ ಬಿದ್ದದ್ದು ಅಷ್ಟು. ಕುರ್ಚಿ ಸಮೇತ ಬಿದ್ದವಳನ್ನು ಎಷ್ಟು ಹೊತ್ತಿಗೆ ಎತ್ತಿದರೋ ಯಾರೂ ಹೇಳುತ್ತಿಲ್ಲ. ಒಂಬತ್ತು ಮಕ್ಕಳಿಗೆ ಹನಾನ್ ಎಂಬ ಒಬ್ಬಳೇ ಆಯಾ ಇಟ್ಟಿದ್ದಾಳೆ ಆ ಮಯ್ಸೂನ್. ಹನಾನಳ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಒಂಬತ್ತು ಮಕ್ಕಳು ಅಂದರೆ ಏನು ಎಂದು ನನಗೆ ಗೊತ್ತು. ಗೋಡೆಗೆ ಬಣ್ಣ ಹೊಡೆಸಿ, ಚಿಟ್ಟೆ ಬರೆಸಿ, ಒಳಗೆ ಕಟ್ಟಿಹಾಕುವುದನ್ನು ಕಂಡೂ ಕಾಣದ ಹಾಗೆ ಓಡಾಡುವವಳ ಮೇಲೆ ಸಿಟ್ಟು. ಅವಳನ್ನು ಕೇಳಬೇಕಾದ್ದನ್ನು ಬಿಟ್ಟು ನಾವು ತಾಯಂದಿರು ಒಬ್ಬರ ಕುತ್ತಿಗೆ ಒಬ್ಬರು ಹಿಡಿದಿದ್ದೇವೆ. ಇಪ್ಪತ್ತಮೂರು ತಾಯಂದಿರು ಅಂದೆಯಲ್ಲ, ಇಪ್ಪತ್ತಮೂರರಲ್ಲಿ ನಾಳೆ ಯಾರ ಮಗುವಿನ ಕೈ?

ಕಳೆದ ವಾರ ಪ್ಲಾಸ್ಟರ್ ತೆಗೆದರು. ಮೂಳೆ ಸೊಟ್ಟ ಕೂಡಿದೆ, ಅಂಗೈ ತಿರುಗುವುದಿಲ್ಲ. ಈಗ ಖುಷಿಯಾದರೆ ಒಂದೇ ಕೈ ಬೀಸುತ್ತಾಳೆ.

ಏಳು ವರ್ಷದಿಂದ ನಾನು ಒಂದು ಲೋಟ ಚಹಾವನ್ನು ಕೂತು ಕುಡಿದಿಲ್ಲ. ಕೆಳಗಿಟ್ಟರೆ ಅವಳು ಸುರಿಯುತ್ತಾಳೆ. ಒಲೆಯ ಹತ್ತಿರ ನಿಂತುಕೊಂಡೇ ಗಂಟಲು ಸುಟ್ಟುಕೊಳ್ಳುತ್ತೇನೆ. ಬೇಸರವಿರಲಿಲ್ಲ. ಈಗ ಎರಡು ತಿಂಗಳಿಂದ ಪ್ರತಿ ಗುಟುಕಿಗೂ ಸಿಟ್ಟು ಬರುತ್ತದೆ.

ರುವೈದಾ


ಮಝಾರ್,
ಡಿಸೆಂಬರ್ 12

ರುವೈದಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಗೆ ರಾಜಿ ಕೇಳುವ ಹಿರಿಯರ ಜಾಹಾ ಬರುತ್ತದೆ, ಇಪ್ಪತ್ತಾರನೇ ತಾರೀಖು, ಶುಕ್ರವಾರದ ನಮಾಜಿನ ನಂತರ. ಮಯ್ಸೂನಳ ಕಡೆಯವರು ಮೂವತ್ತು ಗಂಡಸರನ್ನು ಕೂಡಿಸಿದ್ದಾರೆ. ನನ್ನ ಗಂಡ, ಭಾವ ಇಬ್ಬರೂ ಹೋಗುತ್ತಾರೆ. ದೂರು ವಾಪಸು ಪಡೆಯಿರಿ, ಮಗುವಿನ ಹಕ್ಕು ಬಿಟ್ಟುಕೊಡಿ ಎಂದು ಕೇಳುತ್ತಾರೆ. ನಿನ್ನ ಗಂಡನ ಚಿಕ್ಕಪ್ಪ ಅಬು ಹಾಯಿಲ್ ಆಗಲೇ ಒಪ್ಪಿಯಾಗಿದೆ. ಕಾಫಿ ಕುಡಿದು ಏಳುವುದೊಂದೇ ಬಾಕಿ. ಮರುದಿನ ಫವ್ವಾಜನಿಂದ ಸಹಿ ಹಾಕಿಸುತ್ತಾರಂತೆ.

ನಿನ್ನನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಮೊದಲೇ ತಿಳಿಸಿದೆ.

ಬಾಗಿಲಿಗೆ ಪರದೆ ಇರಲಿಲ್ಲ.

ಇ.


ಕರಕ್,
ಡಿಸೆಂಬರ್ 29

ಇಖ್ಲಾಸ್,

ನಿನ್ನ ಗಂಡ ಬಂದು ತನ್ನ ಬಣ್ಣ ಹಚ್ಚಿ ಹೇಳಿರುತ್ತಾನೆ. ನನ್ನ ಕಡೆಯಿಂದಲೂ ಕೇಳು, ನಾನು ಅಡಿಗೆಮನೆಯಲ್ಲಿದ್ದವಳು.

ಹಿಂದಿನ ದಿನ ಅಬು ಹಾಯಿಲನ ಹೆಂಡತಿ ಬಂದು, "ಆ ಹುಡುಗೀನ ನಾಳೆ ಪಕ್ಕದ ಮನೇಲಿ ಬಿಡು. ಕಿರುಚಿದ್ರೆ ಜಾಹಾದ ಮುಂದೆ ಮನೆತನದ ಮಾನ ಹೋಗತ್ತೆ" ಎಂದಳು. ಯಾರ ಕೈ ಮುರಿದದ್ದಕ್ಕೆ ಕ್ಷಮೆ ಕೇಳಲು ಬರುತ್ತಾರೋ ಅವಳೇ ಮನೆಯಲ್ಲಿರಬಾರದು. ನಾನು, "ಸರಿ ಅತ್ತೆ, ಒಳಕೋಣೇಲಿ ಇರಿಸಿ ಚಿಲಕ ಹಾಕ್ತೀನಿ" ಎಂದೆ. ಕಾಫಿಯನ್ನೂ ನನ್ನ ಕೈಯಿಂದಲೇ ಮಾಡಿಸಿದರು. ಏಲಕ್ಕಿ ಹೆಚ್ಚು ಹಾಕು ಎಂದು ಬೇರೆ ಹೇಳಿದರು.

ಬಂದರು. ಪ್ಲಾಸ್ಟಿಕ್ ಕುರ್ಚಿ ಸಾಲದೆ ಮೂರು ಜನ ಕಿಟಕಿಯ ಕಟ್ಟೆಯ ಮೇಲೆ ಕೂತರು. ಜಾಹಾದ ಹಿರಿಯ ಎಂಬತ್ತು ದಾಟಿದ ಮುದುಕ, ದೂರದ ಊರಿನವನು, ನೋಡಿದರೆ ಗೌರವ ಬರುವಂಥವನು. ಕಾಫಿಯ ಪುಟ್ಟ ಫಿಂಜಾನನ್ನು ಮುಂದಿನ ಮೇಜಿನ ಮೇಲೆ ಇಟ್ಟುಕೊಂಡು, "ನಾವೊಂದ್ ಮಾತು ಕೇಳೋಕೆ ಬಂದಿದೀವಿ. ಅದು ಸಿಗೋತನಕ ನಿಮ್ಮ ಕಾಫಿ ಮುಟ್ಟಲ್ಲ" ಎಂದ. ಗೋಡೆಯಾಚೆ ನನಗೆ ಎಲ್ಲ ಕೇಳಿಸುತ್ತಿತ್ತು. ಅಬು ಹಾಯಿಲ್ ಆ ಕ್ಷಣಕ್ಕೇ "ಕುಡೀರಿ, ನೀವು ಬಂದ ಕೆಲ್ಸ ಆಯ್ತು" ಎಂದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ಅವನಿಗೆ ಮೂವತ್ತು ಜನ ಸಿಕ್ಕಿದ್ದಾರೆ, ಬಿಡುತ್ತಾನೆಯೇ? ಎದ್ದು ನಿಂತು ನಮ್ಮ ಮನೆತನದ ಔದಾರ್ಯವನ್ನು ಅಜ್ಜನ ಅಜ್ಜನಿಂದ ಶುರುಮಾಡಿದ.

ಫಿಂಜಾನು ಅಲ್ಲೇ ಕೂತಿತ್ತು. ಕಾಫಿಯಿರುವ ಕಪ್ಪು, ಯಾರೂ ಮುಟ್ಟದ್ದು.

ಅಬು ಹಾಯಿಲ್ ಅಜ್ಜನವರೆಗೆ ಬಂದಿದ್ದ. ಮಾತು ತಟ್ಟನೆ ನಿಂತಿತು. ನಾನು ತಿರುಗಿ ನೋಡಿದರೆ ಜುಮಾನ ಅಡಿಗೆಮನೆಯ ಬಾಗಿಲಲ್ಲಿ, ಬಲಗೈಯಲ್ಲಿ ಹಿರಿಯನ ಫಿಂಜಾನು, ಸೊಟ್ಟ ಎಡಗೈ ಎದೆಗೆ ಒತ್ತಿಕೊಂಡು. ನನ್ನ ಕಡೆ ನೋಡಲೇ ಇಲ್ಲ. ಸಿಂಕಿಗೆ ಸುರಿದಳು. ತೊಳೆದಳು. ಬೋರಲು ಹಾಕಿ ಎರಡು ಸಲ ತಟ್ಟಿದಳು.

ಅಬು ಹಾಯಿಲ್ ಓಡಿಬಂದ. "ಏನ್ ಮಾಡಿಸ್ತಿದೀಯ ನೀನು? ಹುಚ್ಚು ಮಗು, ಅದರದ್ದು ಲೆಕ್ಕಕ್ಕಿಲ್ಲ. ಇನ್ನೊಂದ್ ಕೊಡು, ಬೇಗ."

ಕೊಟ್ಟೆ. ಅಂಚಿನವರೆಗೆ ತುಂಬಿ ಕೊಟ್ಟೆ. ನಮ್ಮಲ್ಲಿ ಅತಿಥಿಗೆ ತಳದಲ್ಲಿ ಸ್ವಲ್ಪವೇ ಹಾಕುತ್ತೇವೆ. ತುಂಬಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದರ್ಥ. ಅವನಿಗೆ ಅದನ್ನು ಗಮನಿಸುವಷ್ಟೂ ಪುರುಸೊತ್ತಿರಲಿಲ್ಲ. ಅವನು ಅದನ್ನು ಮೇಜಿನ ಮೇಲಿಟ್ಟು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅವಳು ಮತ್ತೆ ಹೋಗಿದ್ದಳು. ಈ ಸಲ ಒಂದು ಹನಿಯೂ ಚೆಲ್ಲದ ಹಾಗೆ ನಿಧಾನವಾಗಿ ನಡೆದು ಬಂದಳು. ಸುರಿದಳು, ತೊಳೆದಳು, ತಟ್ಟಿದಳು. ಬಾಗಿಲಲ್ಲಿ ಯಾರೋ ಒಬ್ಬ ನಕ್ಕ. ನಿನ್ನ ಭಾವನೇ ಇರಬೇಕು.

ಮೂರನೆಯದನ್ನು ಕೇಳಲು ಅಬು ಹಾಯಿಲ್ ಬರುವ ಮೊದಲೇ ನಾನು ಕಾಫಿಯ ಪಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದೆ. "ಹೆಂಗಸ್ರು ಒಳಗಿರ್ಬೇಕು!" ಎಂದು ಅವನು ಕೂಗಿದ. ನಾನು ಅವನನ್ನು ದಾಟಿ ಮುಂದೆ ನಡೆದೆ, ಇಖ್ಲಾಸ್.

ಆ ಮುದುಕನಿಗೆ ಹೇಳಿದೆ: "ದೊಡ್ಡವ್ರೇ, ನೀವು ಯಾರ ಹಕ್ಕು ಬಿಟ್ಕೊಡಿ ಅಂತ ಕೇಳೋಕೆ ಬಂದ್ರಿ? ಅವಳದೇ ತಾನೆ? ಇವರೆಲ್ಲ ಅವಳಿಗೆ ಮಾತು ಬರಲ್ಲ ಅಂತಾರೆ. ನೀವು ಕೇಳಿದ್ರಿ, ಅವ್ಳು ಉತ್ತರ ಕೊಟ್ಳು. ಒಂದ್ಸಲ ಅಲ್ಲ, ಎರಡು ಸಲ. ಇನ್ನೂ ಬೇಕಂದ್ರೆ ನಾನು ಸುರೀತಾ ಇರ್ತೀನಿ, ನಿಮ್ ಮುಂದೆ ಇಡ್ತಾ ಇರ್ತೀನಿ. ಸಂಜೆತನಕ ಕೂತ್ರೂ ಅವಳ ಉತ್ತರ ಅದೇ."

"ಇದೇನಾ ಮಗು?" ಎಂದ ಮುದುಕ. ನನ್ನ ಹಿಂದೆ ಬಂದು ನಿಂತಿದ್ದ ಜುಮಾನಳ ಎಡಗೈಯನ್ನು ಬಹಳ ಹೊತ್ತು ನೋಡಿದ. "ಜಾರಿ ಬಿದ್ಳು ಅಂದ್ರು ನಂಗೆ." ಯಾರ ಮುಖವನ್ನೂ ನೋಡಲಿಲ್ಲ. ಕೋಲು ಊರಿಕೊಂಡು ಎದ್ದ. ಅಬು ಹಾಯಿಲ್ ಅವನ ತೋಳು ಹಿಡಿದು, "ಹುಚ್ಚು ಮಗು ಯಜಮಾನ್ರೆ, ಕೂತ್ಕೊಳ್ಳಿ" ಎಂದು ಗೋಗರೆದ. "ಕಾಫಿ ಹೋಯ್ತಪ್ಪ," ಎಂದ ಮುದುಕ, "ನಾವೂ ಹೊರಡ್ಬೇಕು."

ಮೂವತ್ತು ಗಂಡಸರು ಬಾಯಿ ಒಣಗಿಸಿಕೊಂಡು ಚಪ್ಪಲಿ ಹುಡುಕಿದರು.

ಫವ್ವಾಜ್ ಇಡೀ ಹೊತ್ತು ನೆಲ ನೋಡುತ್ತ ಕೂತಿದ್ದ. ಎಲ್ಲ ಹೋದ ಮೇಲೆ ಅವನು ಅಡಿಗೆಮನೆಗೆ ಬಂದು ಬೋರಲು ಹಾಕಿದ್ದ ಎರಡು ಫಿಂಜಾನುಗಳನ್ನು ನೋಡಿ ನಿಂತ. ಮೂರು ದಿನವಾಯಿತು, ನನ್ನ ಜೊತೆ ಮಾತಿಲ್ಲ. ಸಹಿಯನ್ನೂ ಹಾಕಿಲ್ಲ. ಚಿಕ್ಕಪ್ಪ ಎರಡು ಸಲ ಕಾಗದ ತಂದ, ಎರಡು ಸಲವೂ ಇವನು ಬಾತ್‌ರೂಮಿಗೆ ಹೋಗಿ ಕೂತ. ಧೈರ್ಯವಂತನೇನಲ್ಲ, ಆದರೂ ಇಷ್ಟು ಸಾಕು ಸದ್ಯಕ್ಕೆ.

ಒಳಕೋಣೆಯ ಚಿಲಕ ಹಾಕಲು ಮರೆತೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಾನು ಹತ್ತು ವರ್ಷದಲ್ಲಿ ಒಂದು ಚಿಲಕವನ್ನೂ ಮರೆತವಳಲ್ಲ, ಅದು ನಿನಗೆ ಗೊತ್ತು.

ಜನವರಿ ಹದಿನೆಂಟಕ್ಕೆ ಸರ್ಕಾರಿ ವಕೀಲರ ಮುಂದೆ ವಿಚಾರಣೆ. ಸಾಕ್ಷಿಯಿಲ್ಲದಿದ್ದರೆ ಅವತ್ತೇ ಮುಚ್ಚುತ್ತಾರಂತೆ. ಜುಮಾನ ತನಗೆ ಬರುವ ಹಾಗೆ ಹೇಳಿಯಾಯಿತು. ನನ್ನದೂ ಮುಗಿಯಿತು. ಇನ್ನು ನಾನು ನಿನ್ನನ್ನು ಬೇಡುವುದಿಲ್ಲ.

ರುವೈದಾ


ಮಝಾರ್,
ಜನವರಿ 22

ಉಮ್ಮು ಜುಮಾನ,

ಹದಿನೆಂಟಕ್ಕೆ ನಾನು ಹೋಗಿದ್ದು ನಿನಗೆ ವಕೀಲರಿಂದ ತಿಳಿದಿರುತ್ತದೆ. ನಿನ್ನನ್ನು ಆ ಕಟ್ಟಡದಲ್ಲಿ ನೋಡಿದರೆ ಧೈರ್ಯ ಹೋಗುತ್ತದೆಂದು ಬೆಳಿಗ್ಗೆ ಎಂಟೂವರೆಗೇ ಹೋಗಿ, ಒಂಬತ್ತೂವರೆಗೆ ಹೊರಗೆ ಬಂದೆ.

ಜಾಹಾದಿಂದ ಬಂದ ದಿನ ನನ್ನ ಗಂಡ ಊಟಕ್ಕೆ ಕೂತು, ನಿನ್ನ ಮಗಳು ನಡೆದದ್ದನ್ನು ಅಣಕಿಸಿ ತೋರಿಸಿದ, ಕೈ ಎದೆಗೆ ಒತ್ತಿಕೊಂಡು. ಅತ್ತೆ, ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ಆ ಗಳಿಗೆಯಲ್ಲಿ ಕುತೈಬನೂ ನಕ್ಕ. ಎಲ್ಲರೂ ನಗುತ್ತಿದ್ದಾರೆಂದು ನಕ್ಕ. ನಾನು ತಟ್ಟೆ ಬಿಟ್ಟು ಎದ್ದೆ.

ನೋಡಿದ್ದನ್ನು ಹೇಳಿದೆ. ಗಾಜಿನಲ್ಲಿ ಕಂಡದ್ದು: ಕುರ್ಚಿ ಮಗುಚಿತ್ತು, ಜುಮಾನ ಅದರೊಂದಿಗೆ ಪಕ್ಕಕ್ಕೆ ಬಿದ್ದಿದ್ದಳು, ಎರಡೂ ಕೈ ಹಿಂದಕ್ಕೆ, ನೀಲಿ ಬಟ್ಟೆ. ಕಿರುಚುತ್ತಿರಲಿಲ್ಲ. ಕೋಣೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ. ನನ್ನ ಕೈ ಬಾಗಿಲ ಹಿಡಿಯ ಮೇಲಿತ್ತು. ಅವಳು ನನ್ನನ್ನು ನೋಡಿದಳು, ರುವೈದಾ. ಅವಳು ಯಾರನ್ನೂ ನೇರವಾಗಿ ನೋಡುವುದಿಲ್ಲ ಎನ್ನುತ್ತೀಯಲ್ಲ, ನನ್ನನ್ನು ನೋಡಿದಳು. ನಾನು ಮುಂದಿನ ಕೋಣೆಗೆ ಹೋಗಿ ಡಬ್ಬಿ ಕೊಟ್ಟು, ಇನ್ನೊಂದು ಬಾಗಿಲಿನಿಂದ ಹೊರಬಿದ್ದೆ. ಇದನ್ನು ನಿನ್ನ ಮುಖ ನೋಡಿ ಹೇಳಲು ನನಗೆ ಆಗುತ್ತಿರಲಿಲ್ಲ. ಕ್ಷಮಿಸು ಎನ್ನುವುದಿಲ್ಲ. ಆ ಮಾತನ್ನು ಕಾಫಿ ಮುಂದಿಟ್ಟುಕೊಂಡು ಮೂವತ್ತು ಜನ ಕೇಳಿ ಹೊಲಸು ಮಾಡಿದ್ದಾರೆ.

ಬರೆದುಕೊಳ್ಳುತ್ತಿದ್ದವನು, "ನಾಲ್ಕು ತಿಂಗ್ಳು ಯಾಕಮ್ಮ ಸುಮ್ನಿದ್ರಿ?" ಎಂದು ಕೇಳಿದ. "ಎಂಟರಿಂದ ಎರಡು" ಎಂದೆ. ಅವನಿಗೆ ತಿಳಿಯಲಿಲ್ಲ, ಇನ್ನೊಮ್ಮೆ ಕೇಳಿದ. ನಾನು ಇನ್ನೊಮ್ಮೆ ಹೇಳಿದೆ. ಕಾರಣ ತಿಳಿಸಿಲ್ಲ ಎಂದು ಬರೆದುಕೊಂಡು ಸಹಿ ಮಾಡಿಸಿದ. ನನ್ನ ಪೂರ್ತಿ ಹೆಸರು ಹಾಕಿದೆ. ಎಷ್ಟೋ ವರ್ಷದ ಮೇಲೆ ಬರೆದದ್ದು, ಒಂದಕ್ಷರ ತಪ್ಪಿ ತಿದ್ದಬೇಕಾಯಿತು.

ಅದೇ ದಿನ ಎರಡು ಗಂಟೆಗೆ ಭಾವ ಕುತೈಬನನ್ನೂ ಅವನ ಎಲ್ಲ ಸಾಮಾನನ್ನೂ ಬಾಗಿಲಲ್ಲಿ ಇಳಿಸಿ, ಮಾತಾಡದೆ ಹೋದ. ಬದಲಿ ಬಟ್ಟೆ, ಲೋಟ, ಅವನು ಬಣ್ಣ ಹಚ್ಚಿದ ಹಾಳೆಗಳು. ಗಂಡ ನನ್ನ ತಮ್ಮನಿಗೆ ಫೋನ್ ಮಾಡಿ ಕರೆದುಕೊಂಡು ಹೋಗು ಎಂದಿದ್ದಾನೆ. ತಮ್ಮ, "ನೀನು ಬಾ, ಹುಡ್ಗನ್ನ ಬಿಟ್ಟು ಬಾ" ಎಂದಿದ್ದಾನೆ. ನಾನು ಎಲ್ಲಿಗೂ ಹೋಗುತ್ತಿಲ್ಲ.

ಕೇಂದ್ರ ಮುಚ್ಚಿಲ್ಲ. ಮಯ್ಸೂನ್ ಇನ್ನೂ ಬರುತ್ತಾಳೆ, ಚಿಟ್ಟೆಗಳೂ ಇವೆ. ಮುಂದಿನ ವಿಚಾರಣೆಯವರೆಗೆ ಹೀಗೆಯೇ ಅಂತೆ. ಎರಡನೇ ಆಯಾ ಒಬ್ಬಳನ್ನು ಇಟ್ಟಿದ್ದಾರೆ ಎಂದು ಗೇಟಿನ ಮುದುಕ ಹೇಳಿದ. ನನ್ನ ಮಗನೂ ನಿನ್ನ ಮಗಳೂ ಬಿಟ್ಟ ಮೇಲೆ.

ಕುತೈಬ ದಿನಾ ಬೆಳಿಗ್ಗೆ ಎಂಟಕ್ಕೆ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾನೆ. ಬಸ್ಸು ನಮ್ಮ ಮನೆಯ ಮುಂದೆಯೇ ಹೋಗುತ್ತದೆ, ನಿಲ್ಲುವುದಿಲ್ಲ. ಎರಡು ಗಂಟೆಯವರೆಗೆ ನಿಂತಿರುತ್ತಾನೆ, ಆಮೇಲೆ ಬ್ಯಾಗು ಬಿಚ್ಚಿ ಒಳಗೆ ಬರುತ್ತಾನೆ. ನಾಲ್ಕು ದಿನವಾಯಿತು. ನಾನು ಅವನ ಹಿಂದೆ ನಿಂತಿರುತ್ತೇನೆ. ನೀನು ಗೆದ್ದೆ, ರುವೈದಾ, ನನಗೆ ನಿನ್ನನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತದೆ. ನನ್ನ ಸಿಟ್ಟು ಇಳಿದಿಲ್ಲ, ನಿನ್ನದೂ ಇಳಿದಿರುವುದಿಲ್ಲ, ಇಳಿಯಲಿ ಎಂದು ನಾನು ಕಾಯುವುದೂ ಇಲ್ಲ.

ಭಾನುವಾರದಿಂದ ಎಂಟು ಗಂಟೆಗೆ ಬೇರೆ ಬಸ್ಸು ಹತ್ತಿಸುತ್ತೇನೆ ಅವನನ್ನು, ಊರಿನ ಬಸ್ಸು. ಬ್ಯಾಗು ಇರಬೇಕು, ಬಸ್ಸು ಇರಬೇಕು, ಇಳಿಯಲು ಒಂದು ಬಾಗಿಲು ಇರಬೇಕು, ಅವನಿಗೆ ಅಷ್ಟೇ ಮುಖ್ಯ. ಬಾಗಿಲು ನಿಮ್ಮದು. ಒಡೆಯುವಂಥದ್ದನ್ನೆಲ್ಲ ಮೇಲೆತ್ತಿಡು. ಅವನು ನಿನ್ನ ಕೂದಲಿಗೆ ಕೈ ಹಾಕಿದರೆ ಎಳೆಯಬೇಡ, ಅವನ ಕೈಯ ಮೇಲೆ ನಿನ್ನ ಕೈ ಇಟ್ಟು ನಿಂತುಕೊ, ಬಿಡುತ್ತಾನೆ. ರೊಟ್ಟಿ ನಾನೇ ತರುತ್ತೇನೆ.

ಎಂಟರಿಂದ ಹನ್ನೊಂದು ಇಬ್ಬರನ್ನೂ ನೀನು ನೋಡಿಕೊ. ಹನ್ನೊಂದರಿಂದ ಎರಡು ನಾನು ನೋಡಿಕೊಳ್ಳುತ್ತೇನೆ, ನೀನು ಕೂತು ಬಿಸಿ ಚಹಾ ಕುಡಿ, ನಿನ್ನ ಮಗಳನ್ನು ನಾನು ಹಿಡಿದಿರುತ್ತೇನೆ.

ಮೊದಲ ಪಾಳಿ ನಿನ್ನದು. ಅಡಿಗೆಮನೆಯ ನೆಲದ ಮೇಲೆ ನನಗೊಂದು ಚಾಪೆ ಹಾಕಿಡು. ಜಗಳ ಹನ್ನೊಂದರ ಮೇಲೆ ಶುರು ಮಾಡೋಣ.

ಇಖ್ಲಾಸ್